ಬಾಗಿಲಿನ ಬಣ್ಣಕ್ಕೂ ಬೀದಿಯ ಒಪ್ಪಿಗೆ

ಹೋದ ತಿಂಗಳು ನಮ್ಮ ಮನೆ ಓನರ್ ಅಜ್ಜಿ ಮುಂಬಾಗಿಲಿಗೆ ಹೊಸ ಬಣ್ಣ ಹೊಡೆಸಬೇಕು ಅಂದರು. ಬಾಸ್ಟನ್ನಿನ ಬೀಕನ್ ಹಿಲ್‌ನಲ್ಲಿ ಅವರ ಹಳೇ ಇಟ್ಟಿಗೆ ಮನೆಯ ಕೆಳಗಿನ ಅಂತಸ್ತಿನಲ್ಲಿ ನಾವು ಬಾಡಿಗೆಗೆ ಇದ್ದೇವೆ. ಕಪ್ಪು ಬಾಗಿಲು ಕಡು ಹಸಿರಾಗಬೇಕು, ಅಷ್ಟೇ. ಅದಕ್ಕೆ ಅಜ್ಜಿ ಅರ್ಜಿ ತುಂಬಿದರು, ಬಾಗಿಲಿನ ಫೋಟೋ ಸೇರಿಸಿದರು, ಬಣ್ಣದ ಮಾದರಿ ಅಂಟಿಸಿದರು. ಇಲ್ಲಿನ ಹಳೇ ಮನೆಗಳ ಹೊರನೋಟ ಕಾಯುವ ಆರ್ಕಿಟೆಕ್ಚರಲ್ ಕಮಿಷನ್ ಒಪ್ಪಬೇಕಂತೆ.

"ಬಾಗಿಲು ನಿಮ್ಮದೇ ಅಲ್ವಾ?" ಅಂದೆ.

"ನನ್ನದೇ. ದಿನಾ ನೋಡೋರು ಮಾತ್ರ ಬೀದಿಯವರು" ಅಂದರು.

ಅದೇ ವಾರ ಮಲ್ಲೇಶ್ವರದಿಂದ ಅಣ್ಣ ಒಂದು ವಿಡಿಯೋ ಕಳಿಸಿದ. ಅಜ್ಜ ಕಟ್ಟಿಸಿದ ನಮ್ಮ ಮನೆ, ಅದರ ಮುಂದೆ ಜೆಸಿಬಿ. ಎರಡೇ ದಿನ ಸಾಕಾಯ್ತಂತೆ. ಮೇಲೆ ಮರದ ಪಟ್ಟಿಗಳ ಚೂಪು ಮುಚ್ಚಿಗೆಯಿದ್ದ ಮಂಕಿ ಟಾಪ್ ಕಿಟಕಿ, ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿದ ಮದ್ರಾಸ್ ತಾರಸಿ, ಎಲ್ಲ ಹೋಯ್ತು. ವಿಡಿಯೋ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ಇಟ್ಟಿಗೆ ರಾಶಿಯ ಮೇಲೆ ರೆಡ್ ಆಕ್ಸೈಡ್ ನೆಲದ ಅಂಗೈಯಗಲದ ತುಂಡು ಬಿದ್ದಿತ್ತು. ಅಂಚಿಗೆ ಕಪ್ಪು ಪಟ್ಟಿ. ನಡುಮನೆಯದು. ಅಮ್ಮ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ ಹೊಳೆಸಿದ ನೆಲ. ಅಷ್ಟು ಧೂಳಿನಲ್ಲೂ ಹೊಳೀತಿತ್ತು.

ಕಾರ್ಪೊರೇಷನ್ ಕಾಗದ, ಬಿಲ್ಡರ್ ಕರಾರು ಎಲ್ಲ ಸರಿಯಾಗೇ ಇತ್ತು. ಆದರೆ ಆ ಬೀದಿಯ ಒಬ್ಬರನ್ನೂ ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ. ನನಗೆ ಚುಚ್ಚಿದ್ದು ಅದು.

ಬೀಕನ್ ಹಿಲ್ ತಾನಾಗೇ ಉಳಿದದ್ದಲ್ಲ. ಇಲ್ಲಿನವರು 1922ರಲ್ಲೇ ಬೀಕನ್ ಹಿಲ್ ಸಿವಿಕ್ ಅಸೋಸಿಯೇಷನ್ ಅಂತ ಸಂಘ ಕಟ್ಟಿಕೊಂಡರು. 1947ರಲ್ಲಿ ನಗರಾಡಳಿತದವರು ವೆಸ್ಟ್ ಸೀಡರ್ ಸ್ಟ್ರೀಟಿನ ಇಟ್ಟಿಗೆ ಫುಟ್‌ಪಾತ್ ಕಿತ್ತುಹಾಕೋಕೆ ಬಂದಾಗ ಆ ಬೀದಿಯ ಹೆಂಗಸರು ಹೋಗಿ ಇಟ್ಟಿಗೆ ಮೇಲೆ ಕೂತುಬಿಟ್ಟರು. ಇಟ್ಟಿಗೆ ಉಳೀತು. 1955ರಲ್ಲಿ ರಾಜ್ಯದ ಶಾಸನಸಭೆ ಕಾನೂನು ಮಾಡಿ ಗುಡ್ಡದ ದಕ್ಷಿಣದ ಇಳಿಜಾರನ್ನು ಐತಿಹಾಸಿಕ ಪ್ರದೇಶ ಅಂತ ಸಾರಿತು. ನಾವಿರುವ ಉತ್ತರದ ಇಳಿಜಾರು ಸೇರಿದ್ದು 1963ರಲ್ಲಿ. ಒಳಗೆ ಅಡುಗೆಮನೆ ಹೇಗಾದರೂ ಮಾಡಿಕೊಳ್ಳಿ, ಕೇಳೋರಿಲ್ಲ. ಬೀದಿಗೆ ಕಾಣುವ ಕಿಟಕಿ, ಬಾಗಿಲು, ಕಂಬಿ, ಬಣ್ಣಕ್ಕೆ ಮಾತ್ರ ಒಪ್ಪಿಗೆ ಬೇಕು. ಅದೂ ಬಾಗಿಲು ಮುಚ್ಚಿಕೊಂಡು ಅಲ್ಲ. ತಿಂಗಳಿಗೊಮ್ಮೆ ಬಹಿರಂಗ ಸಭೆ, ಯಾರು ಬೇಕಾದರೂ ಹೋಗಿ ಮಾತಾಡಬಹುದು. ಬೀದಿಯ ಗ್ಯಾಸ್ ದೀಪಗಳು ಇವತ್ತಿಗೂ ಉರೀತಿವೆ, ಹಗಲಲ್ಲೂ.

ಒಳಗಿನ ಮನೆ ನಿನ್ನದು, ಹೊರಗಿನ ಗೋಡೆ ಬೀದಿಯದು. ಇದು ನಮಗೆ ಗೊತ್ತಿಲ್ಲದ ಮಾತಾ? ನಮ್ಮ ಜಗಲಿ ಯಾರದಾಗಿತ್ತು? ಹೂವಿನವಳು ಬುಟ್ಟಿ ಇಳಿಸೋದು ಅಲ್ಲೇ, ಮಳೆ ಬಂದರೆ ಶಾಲೆ ಮಕ್ಕಳು ನಿಲ್ಲೋದು ಅಲ್ಲೇ. ಕಾಂಪೌಂಡ್ ಎತ್ತರ ಮಾಡಿ ಗೇಟಿಗೆ ತಗಡು ಹೊಡೆಸಿದ ದಿನವೇ ಆ ಮಾತು ಮರೆತೆವು.

ಹಾಗಂತ ಮಲ್ಲೇಶ್ವರದವರಿಗೆ ಹೋರಾಟ ಬರೋದಿಲ್ಲ ಅಂತಲ್ಲ. ಸ್ಯಾಂಕಿ ಕೆರೆ ಪಕ್ಕ ಫ್ಲೈಓವರ್ ಬೇಡ ಅಂತ 2023ರಲ್ಲಿ ಬೀದಿಗಿಳಿದರು. ಮರ ಅಂದರೆ ಓಡಿ ಬರ್ತಾರೆ, ಕೆರೆ ಅಂದರೆ ಬರ್ತಾರೆ. ಮನೆ ಅಂದಾಗ ಮಾತ್ರ "ಅದು ಅವರ ಅಣ್ಣತಮ್ಮಂದಿರ ವಿಷಯ, ನಮಗ್ಯಾಕೆ" ಅಂತ ಸುಮ್ಮನಾಗ್ತಾರೆ. ಹೀಗೆ ಸುಮ್ಮನಿದ್ದೇ ಒಂದೊಂದು ಕ್ರಾಸಿನಲ್ಲೂ ಒಂದೊಂದೇ ಮನೆ ಹೋಗಿದೆ. ಊರಿಗೆ ಹೋದಾಗ ಆಟೋದವರಿಗೆ ದಾರಿ ಹೇಳೋಕೂ ಗುರುತಿನ ಮನೆಗಳಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಣ್ಣನಿಗೆ ಹೇಳಿದೆ, ಸ್ವಲ್ಪ ಜೋರಾಗೇ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಮಳೆ ಬಂದ ರಾತ್ರಿ ಪಾತ್ರೆ ಇಡೋನು ನಾನು ಕಣೋ" ಅಂದ.

ಅದೂ ನಿಜ. ತಾರಸಿ ಹತ್ತು ವರ್ಷದಿಂದ ಸೋರ್ತಿತ್ತು. ರಿಪೇರಿ ಗೊತ್ತಿರೋ ಮೇಸ್ತ್ರಿ ಸಿಗಲಿಲ್ಲ. ಬಚ್ಚಲು ಹಿತ್ತಲಲ್ಲಿ, ಅಮ್ಮನಿಗೆ ಎಂಬತ್ತು. ಕರಾರಿನಲ್ಲಿ ನನ್ನ ಸಹಿಯೂ ಇದೆ. ಅವತ್ತು ನಾನೂ ಬೇಡ ಅನ್ನಲಿಲ್ಲ.

ಬೀಕನ್ ಹಿಲ್ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ಳಬೇಕು. ಇದು ಉಳಿದದ್ದರಲ್ಲಿ ದುಡ್ಡಿನ ಪಾಲು ಜಾಸ್ತಿ. ಗುಡ್ಡ ಇಳಿದರೆ ವೆಸ್ಟ್ ಎಂಡ್. ಇಟಲಿಯಿಂದ ಬಂದವರು, ಯಹೂದಿಗಳು, ಕೂಲಿ ಮಾಡೋರು ಇದ್ದ ಬೀದಿಗಳು. ಇಲ್ಲಿ ಕಾನೂನು ಬಂದ ಮೂರ್ನಾಲ್ಕು ವರ್ಷಕ್ಕೆ ಅಲ್ಲಿ ಬೀದಿ ಬೀದಿಯನ್ನೇ ನೆಲಸಮ ಮಾಡಿದರು. ಅವರೂ ಹೋರಾಡಿದ್ದರು. ಇನ್ನು 2014ರಲ್ಲಿ ಗಾಲಿಕುರ್ಚಿಯವರಿಗಾಗಿ ನಗರಾಡಳಿತದವರು ಮೂಲೆಮೂಲೆಗೆ ಕಾಂಕ್ರೀಟ್ ಇಳಿಜಾರು ಮಾಡಲು ಹೊರಟಾಗ, ಅದು ಬೀದಿಯ ಅಂದಕ್ಕೆ ಹೊಂದೋದಿಲ್ಲ ಅಂತ ಇದೇ ಸಿವಿಕ್ ಅಸೋಸಿಯೇಷನ್ ಕೋರ್ಟಿಗೆ ಹೋಯಿತು. ಅಮ್ಮ ಇಲ್ಲಿಗೆ ಬಂದಿದ್ದಾಗ ಎತ್ತರ ತಗ್ಗಿನ ಆ ಇಟ್ಟಿಗೆ ಮೇಲೆ ಅವರನ್ನು ಕೈಹಿಡಿದು ನಡೆಸಿದ್ದು ನೆನಪಿದೆ. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲುತ್ತಿದ್ದರು.

ಆದರೂ ಕೇಳುವ ಒಂದು ಜಾಗ ಇರಬೇಕಿತ್ತು ಅನ್ನಿಸುತ್ತೆ. ಕೇಳಿದ್ದರೆ ಮನೆ ಉಳೀತಿತ್ತು ಅಂತಲ್ಲ. ಮುಂದಿನ ಗೋಡೆಯಾದರೂ, ಜಗಲಿಯಾದರೂ ಇರಲಿ ಅಂತ ಯಾರಾದರೂ ಅಂದಿರುತ್ತಿದ್ದರೇನೋ.

ಮರವನ್ನೆಲ್ಲ ಮನೆ ಒಡೆಯೋ ಕಾಂಟ್ರಾಕ್ಟರ್ ಒಯ್ದ. ತಲೆಬಾಗಿಲು ಮಾತ್ರ ಕೊಡಬೇಡ ಅಂದಿದ್ದೆ. ತೇಗದ್ದು, ಚೌಕಟ್ಟಿನ ಮೇಲೆ ಗಜಲಕ್ಷ್ಮಿ. ಸದ್ಯ ಎದುರುಮನೆಯವರ ಜಗಲಿ ಮೇಲೆ ಒರಗಿಸಿ ಇಟ್ಟಿದ್ದಾರಂತೆ, ಪ್ಲಾಸ್ಟಿಕ್ ಹೊದಿಸಿ. ಹೊಸ ಫ್ಲಾಟಿನ ಬಾಗಿಲಿಗೆ ಅದು ಹೊಂದುತ್ತಾ ಅಂತ ಅಣ್ಣ ಅಳತೆ ಕಳಿಸ್ತೀನಿ ಅಂದಿದ್ದಾನೆ.