ಎಣ್ಣೆ ಬೇಡ ಅಂದರು, ಅಕ್ಕಿಯ ವ್ಯಾಪಾರ ಯಾಕೆ ಕೆಟ್ಟಿತು?

ರಾತ್ರಿ ಹೊತ್ತು ಸುರತ್ಕಲ್ ಕಡೆ ಹೋದವರಿಗೆ ಎಂಆರ್‌ಪಿಎಲ್ ರಿಫೈನರಿಯ ದೀಪಗಳ ಪರಿಚಯ ಇರುತ್ತದೆ. ಒಂದು ಕಾಲಕ್ಕೆ ಇರಾನಿನ ಕಚ್ಚಾ ತೈಲವನ್ನು ಜಾಸ್ತಿ ಕೊಳ್ಳುತ್ತಿದ್ದ ಭಾರತದ ಕಂಪನಿಗಳಲ್ಲಿ ಅದೂ ಒಂದು.

ಮೊನ್ನೆ ಗೆಳೆಯರೊಬ್ಬರು, "ಇರಾನಿನ ಮೇಲೆ ಅಮೆರಿಕ ನಿರ್ಬಂಧ ಹಾಕಿದರೆ ನಮಗೇನು? ಇನ್ನೊಂದು ದೇಶದಿಂದ ಎಣ್ಣೆ ತಂದರಾಯ್ತು" ಅಂದರು. ಎಣ್ಣೆಯ ಮಟ್ಟಿಗೆ ಸರಿ. ಆದರೆ ಬಾಸ್ಮತಿ?

ಇಲ್ಲೇ ಇರುವುದು ಮಜಾ. ನಿರ್ಬಂಧದಿಂದ ಇರಾನಿಗೆ ಡಾಲರಿನಲ್ಲಿ ದುಡ್ಡು ಕಳಿಸುವ ದಾರಿ ಮುಚ್ಚಿದ ಮೇಲೆ, 2012ರಲ್ಲಿ ಒಂದು ಉಪಾಯ ಹುಡುಕಿದರು. ನಾವು ಕೊಂಡ ಎಣ್ಣೆಯ ದುಡ್ಡಿನಲ್ಲಿ 45% ರೂಪಾಯಿಯಲ್ಲೇ ಕೋಲ್ಕತ್ತದ ಯುಕೋ ಬ್ಯಾಂಕಿನ ಖಾತೆಗೆ ಬೀಳಬೇಕು. ಆ ರೂಪಾಯಿಯಿಂದ ಇರಾನ್ ನಮ್ಮ ಅಕ್ಕಿ, ಚಹಾ, ಔಷಧಿ ಕೊಳ್ಳಬೇಕು. ಯುಕೋನೇ ಯಾಕೆ ಅಂದರೆ, ಅಮೆರಿಕದ ಜೊತೆ ಅದರ ವ್ಯವಹಾರ ಕಡಿಮೆ, ಹಾಗಾಗಿ ಹೆದರಿಕೆಯೂ ಕಡಿಮೆ. ದೊಡ್ಡ ಬ್ಯಾಂಕುಗಳು ಹೆದರುವುದು ಸುಮ್ನೆ ಅಲ್ಲ. ಇರಾನ್, ಸುಡಾನ್, ಕ್ಯೂಬಾದ ದುಡ್ಡು ಮುಟ್ಟಿದ್ದಕ್ಕೆ ಫ್ರಾನ್ಸಿನ ಬಿಎನ್‌ಪಿ ಪಾರಿಬಾ ಬ್ಯಾಂಕು 2014ರಲ್ಲಿ ಅಮೆರಿಕಕ್ಕೆ ಸುಮಾರು 890 ಕೋಟಿ ಡಾಲರ್ ದಂಡ ತೆರಬೇಕಾಯ್ತು.

2018ರ ಮೇನಲ್ಲಿ ಟ್ರಂಪ್ ಇರಾನ್ ಜೊತೆಗಿನ ಅಣು ಒಪ್ಪಂದದಿಂದ ಹೊರಬಂದರು, ನಿರ್ಬಂಧ ಮತ್ತೆ ಬಂತು. ವಿಶ್ವಸಂಸ್ಥೆಯ ನಿರ್ಬಂಧಗಳನ್ನು ಮಾತ್ರ ಪಾಲಿಸುತ್ತೇವೆ ಅಂತ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅದೇ ತಿಂಗಳು ಹೇಳಿದ್ದರು. ಒಂದು ವರ್ಷ ಆಗುವಷ್ಟರಲ್ಲಿ, 2019ರ ಮೇನಲ್ಲಿ, ಇರಾನ್ ಎಣ್ಣೆ ತರಲು ಅಮೆರಿಕ ನಮಗೆ ಕೊಟ್ಟಿದ್ದ ವಿನಾಯಿತಿ ಮುಗಿಯಿತು. ನಾವು ಇರಾನ್ ಎಣ್ಣೆ ಕೊಳ್ಳುವುದನ್ನು ನಿಲ್ಲಿಸಿದೆವು.

ಎಣ್ಣೆ ನಿಂತ ಮೇಲೆ ಆ ಖಾತೆಗೆ ಹೊಸ ರೂಪಾಯಿ ಬರಲಿಲ್ಲ. ಇದ್ದದ್ದು ಕರಗುತ್ತಾ ಬಂತು. ಅಕ್ಕಿ ಮಾರಬೇಡಿ ಅಂತ ಯಾರೂ ಹೇಳಿರಲಿಲ್ಲ ನೋಡಿ, ಆಹಾರಕ್ಕೆ ನಿರ್ಬಂಧವೇ ಇಲ್ಲ. ಆದರೆ ದುಡ್ಡು ಬರುವ ದಾರಿ ಮುಚ್ಚಿದ ಮೇಲೆ ಮಾರುವುದು ಹೇಗೆ? 2018-19ರಲ್ಲಿ ನಮ್ಮ ಬಾಸ್ಮತಿಯ ಅತಿ ದೊಡ್ಡ ಗಿರಾಕಿ ಇರಾನ್, 14 ಲಕ್ಷ ಟನ್‌ಗೂ ಮೇಲೆ. ಅಂಥ ಗಿರಾಕಿಯಿಂದ ಬಾಕಿ ವಸೂಲಿ ಮಾಡಲು ಹರಿಯಾಣ, ಪಂಜಾಬಿನ ವ್ಯಾಪಾರಿಗಳು ಪರದಾಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದೇ. ಎರಡೂ ದೇಶಗಳ ಒಟ್ಟು ವ್ಯಾಪಾರ ಆ ವರ್ಷ ಸುಮಾರು 1,700 ಕೋಟಿ ಡಾಲರ್ ಇತ್ತು. ಎರಡೇ ವರ್ಷದಲ್ಲಿ 200 ಕೋಟಿಯ ಆಸುಪಾಸಿಗೆ ಇಳಿಯಿತು.

ಇರಾನ್ ಸರ್ಕಾರವನ್ನು ನಾನು ಸಮರ್ಥಿಸುತ್ತಿಲ್ಲ. ನಿರ್ಬಂಧ ಹಾಕುವವರು ಒಬ್ಬರು, ಹಾಕಿಸಿಕೊಳ್ಳುವವರು ಇನ್ನೊಬ್ಬರು, ಸರಿ. ಬಿಲ್ ಮಾತ್ರ ಮೂರನೆಯವರಿಗೂ ಬರುತ್ತದೆ ಅನ್ನುವುದನ್ನು ನಾವು ಲೆಕ್ಕಕ್ಕೇ ತಗೊಳ್ಳಲ್ಲ ಅನ್ನೋದು ನನ್ನ ತಕರಾರು.

ಹೂಡಿಕೆಯ ಪಾಡಂತೂ ಇನ್ನೂ ಕಷ್ಟ. ಅಕ್ಕಿಯಾದರೆ ಇನ್ನೊಬ್ಬ ಗಿರಾಕಿಗೆ ಹೋಗುತ್ತದೆ, ಗ್ಯಾಸ್ ಬಾವಿ ಎತ್ತಿಕೊಂಡು ಹೋಗಲಾಗುತ್ತದಾ? ಇರಾನಿನ ಫರ್ಜಾದ್-ಬಿ ಗ್ಯಾಸ್ ನಿಕ್ಷೇಪವನ್ನು 2008ರಲ್ಲಿ ಪತ್ತೆ ಮಾಡಿದ್ದು ನಮ್ಮ ಸರ್ಕಾರಿ ಕಂಪನಿ ಒಎನ್‌ಜಿಸಿ ವಿದೇಶ್ ಮುಂದಾಳತ್ವದ ಗುಂಪು. ಮಾತುಕತೆ ವರ್ಷಗಟ್ಟಲೆ ಎಳೆಯಿತು. ಬೆಲೆಯ ಜಗಳವೂ ಇತ್ತು, ನಿರ್ಬಂಧದ ಭಯವೂ ಇತ್ತು. 2021ರಲ್ಲಿ ಇರಾನ್ ಅದನ್ನು ತನ್ನದೇ ಕಂಪನಿಗೆ ಕೊಟ್ಟುಬಿಟ್ಟಿತು.

ಇರಾನಿನ ಚಾಬಹಾರ್ ಬಂದರು ನಡೆಸಲು 2024ರಲ್ಲಿ 10 ವರ್ಷದ ಒಪ್ಪಂದ ಮಾಡಿಕೊಂಡೆವು. ಮರುವರ್ಷವೇ ಅಮೆರಿಕ ಅದಕ್ಕಿದ್ದ ನಿರ್ಬಂಧದ ವಿನಾಯಿತಿ ತೆಗೆಯಿತು, ಆಮೇಲೆ ಆರು ತಿಂಗಳ ಮಟ್ಟಿಗೆ ಮತ್ತೆ ಕೊಟ್ಟಿತು. ಹತ್ತು ವರ್ಷದ ಕರಾರು, ಆರು ತಿಂಗಳ ಪರವಾನಗಿ. ಇಷ್ಟು ನಂಬಿ ಯಾವ ಬ್ಯಾಂಕು ಸಾಲ ಕೊಡುತ್ತದೆ, ಹೇಳಿ?