ಗ್ಯಾಸ್ ಅಂತೆ, ಗ್ಯಾಸ್!

ಈ ಪದ ಕೇಳಿದರೇ ಇವತ್ತು ಮೈಯೆಲ್ಲ ಉರೀತಿದೆ.

ಬೆಳಿಗ್ಗೆ ಅಂಜನಾದ್ರಿ ಹತ್ತುತ್ತಿದ್ದೆವು. 575 ಮೆಟ್ಟಿಲಲ್ಲಿ ಅರ್ಧವೂ ಆಗಿರಲಿಲ್ಲ, ಕಾಕಾ ಕೂತುಬಿಟ್ಟರು. ಬಿಸಿಲು ಇನ್ನೂ ಏರಿರಲಿಲ್ಲ, ಅಂಗಿ ಮಾತ್ರ ಬೆವರಿಗೆ ಬೆನ್ನಿಗೆ ಅಂಟಿತ್ತು. "ಎದಿ ನೋಯ್ತದೇನು ಕಾಕಾ?" ಅಂದೆ. "ಏ, ನೋವಿಲ್ಲೋ, ಏನಿಲ್ಲೋ. ರಾತ್ರಿ ಮಿರ್ಚಿ ತಿಂದಿದ್ದೆ, ಗ್ಯಾಸ್ ಆಗೇತಿ."

ಸುತ್ತ ನಿಂತವರೂ ಹೌದು ಹೌದು ಅಂದರು. ಒಬ್ಬರಂತೂ ಜೇಬಿನಿಂದ ಗ್ಯಾಸ್ ಮಾತ್ರೆಯನ್ನೇ ತೆಗೆದರು. ಊರಿಗೆ ಊರೇ ಡಾಕ್ಟರು!

ಬೈದು ಗಂಗಾವತಿಗೆ ಕರೆತಂದು ಇಸಿಜಿ ಮಾಡಿಸಿದೆ. ಡಾಕ್ಟರು ಪೆನ್ನಿನ ತುದಿಯಿಂದ ಒಂದು ಗೆರೆ ತೋರಿಸಿ, "ಇವರಿಗೆ ಹಿಂದೆ ಯಾವಾಗಲೋ ಒಂದು ಅಟ್ಯಾಕ್ ಆಗಿಹೋಗಿದೆ" ಅಂದರು. ಕಾಕಾ ನನ್ನ ಮುಖ ನೋಡಿದರು. ಗವಿಮಠದ ಜಾತ್ರೆ ಮುಗಿದ ಮೇಲೆ ಎರಡು ದಿನ ಸುಸ್ತು ಅಂತ ಮಲಗಿದ್ದರಲ್ಲ, ಅದೇನಾ? ಆಗಲೂ ಸೋಡಾ ಕುಡಿಸಿದ್ದೆವು.

ಶುಗರ್ ವರ್ಷಗಟ್ಟಲೆ ಇದ್ದರೆ ನರ ಹಾಳಾಗುತ್ತೆ. ಕಾಕಾ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದೆ ನಡೀತಿದ್ದರು, ನಾವು ನಗ್ತಿದ್ದೆವು. ಪಾದಕ್ಕೆ ಆಗೋದು ಹೃದಯದ ನರಕ್ಕೂ ಆಗಬಹುದು. ಆಮೇಲೆ ಅಟ್ಯಾಕ್ ಆದರೂ ಎದೆ ನೋಯದೇ ಇರಬಹುದು. ಏದುಸಿರು, ತಣ್ಣನೆ ಬೆವರು, ಸುಸ್ತು, ಹೊಟ್ಟೆ ತೊಳೆಸೋದು, ಅಷ್ಟೇ. ನೋವಿಲ್ಲ ಅನ್ನೋದೇ ಧೈರ್ಯವಂತೆ ಇವರಿಗೆ!

"ಗ್ಯಾಸೂ ಆಗುತ್ತೆ ಅಲ್ವಾ, ಬೆವರಿದಾಗೆಲ್ಲ ಇಸಿಜಿಗೆ ಓಡೋಕಾಗುತ್ತಾ?" ಅಂತ ತಮ್ಮ ಫೋನಲ್ಲಿ ವಾದ ಮಾಡಿದ. ಆಗುತ್ತಪ್ಪ, ಯಾರು ಇಲ್ಲ ಅಂದರು? ಆದರೆ ಶುಗರ್ ಇರೋರು ಅದನ್ನ ತಾವೇ ತೀರ್ಮಾನ ಮಾಡಬಾರದು. ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ, ಇಸಿಜಿ ಪುಕ್ಕಟೆ. ಮಿರ್ಚಿ ಬಂಡಿ ಮುಂದೆ ನಿಲ್ಲುವಷ್ಟು ಹೊತ್ತು ಅಲ್ಲಿ ನಿಲ್ಲೋಕೆ ಏನು ಕಷ್ಟ? ಒಂದು ಇಸಿಜಿ ಸರಿ ಇದೆ ಅಂದಮಾತ್ರಕ್ಕೆ ಎಲ್ಲ ಮುಗೀತು ಅಂತಲ್ಲ. ಎಕೋ, ರಕ್ತ ಪರೀಕ್ಷೆ ಬೇಕಾ ಅಂತ ಡಾಕ್ಟರು ಹೇಳಲಿ. ಸೋಡಾ ಅಂಗಡಿಯವನಲ್ಲ.

ಕಾಕಾ ವಾರ್ಡಿನಲ್ಲಿದ್ದಾರೆ, ನಾಳೆ ಆಂಜಿಯೋಗ್ರಾಮ್. "ನೋವೇ ಇಲ್ಲಲ್ಲೋ, ಯಾಕ ಸುಮ್ನ ಖರ್ಚು" ಅಂತ ಈಗಲೂ ಗೊಣಗಾಟ.

ನನಗೂ 11 ವರ್ಷದಿಂದ ಶುಗರ್, ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದು ಇನ್ನೊಂದು. ಕಾಕಾ ಕೂರೋಕೆ ಮುಂಚೆ ನಾನೇ ಮೂರು ಸಲ ನಿಂತಿದ್ದೆ. ಫೋಟೊ ತೆಗೀತಿದ್ದೀನಿ ಅಂದಿದ್ದೆ.

ಈಗ ಫೋನ್ ತೆಗೆದು ನೋಡಿದೆ. ಒಂದು ಫೋಟೊನೂ ಇಲ್ಲ.