ಜಪಾನ್‌ನ ಹಿಮ ಹಗುರ, ಆದರೆ ಹಿಮಕುಸಿತ ಅಲ್ಲೂ ಆಗುತ್ತದೆ

‘ಜಪಾನ್‌ನ ಪುಡಿಹಿಮ ಹತ್ತಿಯಷ್ಟು ಹಗುರ, ಅಲ್ಲಿ ಹಿಮಕುಸಿತದ ಭಯವಿಲ್ಲ. ಗೈಡ್ ಜೊತೆಗಿದ್ದರೆ ಬೀಕನ್ ಕೂಡ ಬೇಡ’ ಎಂಬ ಸಂದೇಶ ಸ್ಕೀಯಿಂಗ್‌ಗೆ ಹೊರಟವರ ನಡುವೆ ಓಡಾಡುತ್ತಿದೆ. ಎರಡು ಮಾತೂ ತಪ್ಪು. (ಬೀಕನ್ ಅಂದರೆ ಹಿಮದಡಿ ಹೂತವರನ್ನು ಪತ್ತೆ ಹಚ್ಚಲು ಸಂಕೇತ ಕಳುಹಿಸುವ, ಹಿಡಿಯುವ ಪುಟ್ಟ ಸಾಧನ; ಮೈಮೇಲೆ ಕಟ್ಟಿಕೊಳ್ಳುವಂಥದ್ದು.)

ಹಿಮ ಹಗುರ ಎನ್ನುವುದೇನೋ ನಿಜ. ಸೈಬೀರಿಯಾದ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬೆಟ್ಟಗಳ ಮೇಲೆ ಸುರಿಸುತ್ತದೆ. ಆದರೆ ಒಂದೇ ರಾತ್ರಿ ಮೊಣಕಾಲುದ್ದ ಬಿದ್ದರೆ ಆ ಭಾರವನ್ನು ಕೆಳಗಿನ ಹಳೇ ಪದರ ತಡೆಯಬೇಕಲ್ವಾ? ಗಾಳಿ ಹಿಮವನ್ನು ಇಳಿಜಾರಿನ ಮರೆಗೆ ತಳ್ಳಿ ಗಟ್ಟಿ ಹಾಸು ಮಾಡಿದರೆ ಅಪಾಯ ಇನ್ನೂ ಜಾಸ್ತಿ. ಒಬ್ಬರ ತೂಕಕ್ಕೇ ಅದು ಒಡೆದು ಜಾರಬಹುದು. 2023ರ ಜನವರಿಯಲ್ಲಿ ನಾಗಾನೊ ಪ್ರಾಂತ್ಯದ ಒತಾರಿ ಬಳಿ ಹಿಮಕುಸಿತಕ್ಕೆ ಸಿಕ್ಕಿ ಅಮೆರಿಕದ ಸ್ಕೀಯರ್ ಕೈಲ್ ಸ್ಮೇನ್ ತೀರಿಕೊಂಡರು. ಅವರು 2015ರ ಹಾಫ್‌ಪೈಪ್ (ಅರ್ಧ ಕೊಳವೆಯಾಕಾರದ ಹಿಮದ ಹಾದಿಯಲ್ಲಿ ಸ್ಕೀ ಕಸರತ್ತು) ವಿಶ್ವ ಚಾಂಪಿಯನ್. ಅಂಥವರನ್ನೂ ಹಿಮ ಬಿಡಲಿಲ್ಲ.

ಇನ್ನು ಬೀಕನ್. ಗೈಡ್ ದಾರಿ ಆರಿಸುತ್ತಾರೆ, ಇಳಿಜಾರು ಸರಿಯಿಲ್ಲ ಎನಿಸಿದರೆ ವಾಪಸ್ ಕರೆತರುತ್ತಾರೆ. ಆದರೆ ಹೂತುಹೋದವರೇ ಗೈಡ್ ಆಗಿದ್ದರೆ? ಹುಡುಕಬೇಕಾದವರು ನೀವು. ಮೊದಲ ಹದಿನೈದು ನಿಮಿಷದೊಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗ ಬೇಗ ಕುಸಿಯುತ್ತದೆ. ಅದಕ್ಕೇ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು ಮೂರೂ ಪ್ರತಿಯೊಬ್ಬರ ಹತ್ತಿರ ಇರಬೇಕು. ಹೊರಡುವ ಮೊದಲೇ ಬಳಸಿ ಅಭ್ಯಾಸ ಮಾಡಿ, ದಯವಿಟ್ಟು.

ಹೊಕ್ಕೈಡೊ ದ್ವೀಪದ ಸ್ಕೀ ತಾಣ ನಿಸೆಕೊಗೆ ಹೋಗುವವರಿಗೆ ಇನ್ನೊಂದು ಮಾತು: ಅಲ್ಲಿ ಸ್ಕೀ ಪ್ರದೇಶದಿಂದ ಆಚೆಗೆ ಗೇಟ್ ಮೂಲಕವೇ ಹೋಗಬೇಕು. ಗೇಟ್ ಮುಚ್ಚಿದ್ದರೆ ಗಡಿಯ ಹಗ್ಗ ನುಸುಳಿ ಹೋಗುವಂತಿಲ್ಲ.